ದಿಣ್ಣೆಯ ಊರು, ಅದರ ಹಳ್ಳಗಳು
(ಧಾರವಾಡದ ಸಪ್ತಾಪುರದಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ಧಾರವಾಡದೊಳಕ್ಕೆ ಹೊರಗಿನಿಂದ ಹರಿದು ಬರುವ ನದಿ ಇಲ್ಲ. ಇಲ್ಲಿಂದ ಹೊರಟು ಹೋಗುವ ಹಳ್ಳಗಳು ಮಾತ್ರ ಇವೆ. ಸಮುದ್ರಮಟ್ಟದಿಂದ ಸುಮಾರು 700 ಮೀಟರಿಗೂ ಮೇಲಿರುವ ಒಂದು ದಿಣ್ಣೆಯ ಮೇಲೆ ನಾವು ಮನೆ ಕಟ್ಟಿಕೊಂಡಿದ್ದೇವೆ. ಇಲ್ಲಿ ಬಿದ್ದ ಮಳೆ ಎರಡು ದಿಕ್ಕಿಗೆ ಪಾಲಾಗುತ್ತದೆ. ಮೂಡಲಕ್ಕೆ ಇಳಿದದ್ದು ತುಪ್ಪರಿಹಳ್ಳ, ಬೆಣ್ಣಿಹಳ್ಳಗಳ ಬೆನ್ನು ಹಿಡಿದು, ನವಲಗುಂದ ನರಗುಂದಗಳ ಎರಿಭೂಮಿ ದಾಟಿ ಮಲಪ್ರಭೆಗೆ ಸೇರಿ, ಕೂಡಲಸಂಗಮದಲ್ಲಿ ಕೃಷ್ಣೆಯ ಜೊತೆಯಾಗಿ ಬಂಗಾಳಕೊಲ್ಲಿಗೆ ಹೋಗುತ್ತದೆ. ಪಡುವಲಕ್ಕೆ ತಿರುಗಿದ್ದು ಸೋಮೇಶ್ವರ ಗುಡಿಯ ಹತ್ತಿರ ಶಾಲ್ಮಲೆಯಾಗಿ ಹೊರಡುತ್ತದೆ. ಉಣಕಲ್ ಕೆರೆಯ ಕಡೆಯಿಂದ ಬರುವ ಇನ್ನೊಂದು ಹಳ್ಳವನ್ನು ಕಲಘಟಗಿ ಸೀಮೆಯಲ್ಲಿ ಕೂಡಿಕೊಂಡು ಬೇಡ್ತಿಯಾಗುತ್ತದೆ. ಯಲ್ಲಾಪುರದ ಕಾಡಿನಲ್ಲಿ ಮಾಗೋಡಿನ ಕಮರಿಗೆ ಧುಮುಕಿ, ಕೆಳಗೆ ಗಂಗಾವಳಿ ಎನಿಸಿಕೊಂಡು, ಗೋಕರ್ಣದ ಹತ್ತಿರ ಅರಬ್ಬೀ ಸಮುದ್ರ ಸೇರುತ್ತದೆ.

ನದಿ ಕೆಟ್ಟಿತು ಎಂದಾಗ ಎಲ್ಲ ಊರಿನವರೂ ಮೇಲಿನ ಊರಿನತ್ತ ಬೆರಳು ತೋರಿಸುತ್ತಾರೆ. ಆ ಅವಕಾಶ ನಮಗಿಲ್ಲ. ನಮಗಿಂತ ಮೇಲೆ ಯಾರೂ ಇಲ್ಲ. ಈ ಊರಿನ ಹಳ್ಳಗಳಲ್ಲಿ ಇಂದು ಏನು ಹರಿಯುತ್ತಿದೆಯೋ ಅದೆಲ್ಲ ನಮ್ಮ ಮನೆಗಳಿಂದ, ನಮ್ಮ ಆಸ್ಪತ್ರೆ, ಹೋಟೆಲು, ಹಾಸ್ಟೆಲುಗಳಿಂದ ಹೋದದ್ದು. ನದಿ, ಹಳ್ಳಗಳನ್ನು ಪರಿಸರ ತಂತ್ರಜ್ಞಾನದ ದಾರಿಯಲ್ಲಿ ಮತ್ತೆ ಜೀವಂತ ಮಾಡುವ ವಿಷಯದಲ್ಲಿ ಮಾತಾಡಿ ಎಂದು ತಾವು ಹೇಳಿದಾಗ, ಅದನ್ನು ಈ ದಿಣ್ಣೆಯ ಮೇಲೆ ನಿಂತೇ ಮಾತಾಡಬೇಕು ಎಂದು ತೀರ್ಮಾನಿಸಿದೆ. ಗಂಗೆ, ಯಮುನೆಗಳ ಶುದ್ಧೀಕರಣದ ಕಥೆ ತಮಗೆಲ್ಲ ಗೊತ್ತಿದೆ. ಹುಟ್ಟುವ ಜಾಗದಲ್ಲೇ ಕೆಡುವ ಚಿಕ್ಕ ಹಳ್ಳದ ಕಥೆಯನ್ನು ನಾವು ಹೆಚ್ಚಾಗಿ ಹೇಳಿಕೊಂಡಿಲ್ಲ.

ಶಾಲ್ಮಲೆ ಗುಪ್ತಗಾಮಿನಿ ಎಂದು ನಮ್ಮ ಹಿರಿಯರು ನಂಬಿದ್ದರು. ಈ ನಂಬಿಕೆಯನ್ನು ನಾನು ಗೌರವದಿಂದ ನೋಡುತ್ತೇನೆ, ಯಾಕೆಂದರೆ ಜಲವಿಜ್ಞಾನ ಹೇಳುವುದೂ ಇದಕ್ಕೆ ಹತ್ತಿರದ ಮಾತನ್ನೇ. ಧಾರವಾಡದ ಹೆಸರನ್ನೇ ಹೊತ್ತು ಪ್ರಪಂಚದ ಭೂವಿಜ್ಞಾನದ ಪುಸ್ತಕಗಳಲ್ಲಿ ನಿಂತಿರುವ ಈ ಪ್ರಾಚೀನ ಶಿಲೆಯ ಮೇಲೆ ಸವೆದು ಪುಡಿಯಾದ ಮಣ್ಣಿನ ದಪ್ಪ ಪದರ ಒಂದಿದೆ. ಮುಂಗಾರಿನ ಮಳೆಯ ಒಂದು ಪಾಲು ಅದರೊಳಗೆ ಇಳಿದು, ನಿಧಾನವಾಗಿ ಜಾರುತ್ತ, ತಗ್ಗಿನಲ್ಲಿ ಜಿನುಗಿ ಹೊರಬರುತ್ತದೆ. ಮಳೆ ನಿಂತು ತಿಂಗಳುಗಳಾದ ಮೇಲೂ ಹಳ್ಳದಲ್ಲಿ ನೀರು ಕಾಣುವುದು ಈ ಜಿನುಗಿನಿಂದ. ಬಾವಿಯೂ ಹಳ್ಳವೂ ಒಂದೇ ನೀರಿನ ಎರಡು ಬಾಗಿಲು. ಇಲ್ಲಿಯ ಬಸ್ ನಿಲ್ದಾಣಕ್ಕೆ ಇಂದಿಗೂ ಸಪ್ತಾಪುರ ಬಾವಿ ಎಂಬ ಹೆಸರಿದೆ. ಆ ಹೆಸರಿನ ಹಿಂದೆ, ಕೈಗೆಟಕುವ ಆಳದಲ್ಲಿ ನೀರಿದ್ದ ಒಂದು ಕಾಲ ಇದೆ. ಕೊಳವೆಬಾವಿಗಳು ಆ ಮಟ್ಟವನ್ನು ನೂರಾರು ಅಡಿ ಕೆಳಗೆ ತಳ್ಳಿದಾಗ, ಬಾವಿಯ ಜೊತೆಗೆ ಹಳ್ಳದ ಜಿನುಗೂ ನಿಂತಿತು.

ಇದು ಬರಿ ಊಹೆಯ ಮಾತಲ್ಲ. ಬೆಂಗಳೂರಿನ ಅರ್ಕಾವತಿಯ ಮೇಲೆ ವೀಣಾ ಶ್ರೀನಿವಾಸನ್ ಮತ್ತು ಅವರ ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನೋಡಬೇಕು. ಆ ನದಿಯ ಮೇಲೆ ಹೆಸರಘಟ್ಟ ಕೆರೆ ಇತ್ತು, 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ ಬಂದಿತು. ಎರಡೂ ಬೆಂಗಳೂರಿಗೆ ಕುಡಿಯುವ ನೀರು ಕೊಟ್ಟವು, ಆಮೇಲೆ ಬತ್ತಿದವು. ಮಳೆ ಕಡಿಮೆಯಾಯಿತು ಎಂಬುದು ಎಲ್ಲರ ಬಾಯಲ್ಲಿದ್ದ ಉತ್ತರ. ಅಧ್ಯಯನ ಮಾಡಿದವರು ಮಳೆಯ ದಾಖಲೆ ನೋಡಿದರು. ನದಿ ಬತ್ತಿದ್ದಕ್ಕೆ ಮಳೆ ಕಾರಣವೆಂದು ಅದು ತೋರಿಸಲಿಲ್ಲ. ಅಂತರ್ಜಲ ಕುಸಿದಿತ್ತು, ನೀಲಗಿರಿ ತೋಪುಗಳು ವ್ಯಾಪಿಸಿದ್ದವು, ಜೊತೆಗೆ ಹಳ್ಳಗಳಿಗೆ ಅಡ್ಡಲಾಗಿ ಕಟ್ಟಿದ ತಡೆಗಳೂ ಸ್ವಲ್ಪ ಮಟ್ಟಿಗೆ ಪಾತ್ರ ವಹಿಸಿದ್ದವು. ಕೊನೆಯದನ್ನು ನಾನು ಒತ್ತಿ ಹೇಳುತ್ತೇನೆ. ಚೆಕ್ ಡ್ಯಾಂ ಕಟ್ಟಿದರೆ ನದಿ ಬದುಕುತ್ತದೆ ಎಂದು ಎಲ್ಲ ಕಡೆ ಕಣ್ಣುಮುಚ್ಚಿ ಹೇಳುವಂತಿಲ್ಲ. ಅಂತರ್ಜಲವೇ ಪಾತಾಳಕ್ಕೆ ಹೋದ ನಾಡಿನಲ್ಲಿ ಹಳ್ಳಕ್ಕೆ ಹತ್ತು ಕಡೆ ಅಡ್ಡಗಟ್ಟಿದರೆ ಇಂಗಿದ ನೀರು ಬೋರಿನ ಪಾಲಾಗಿ, ಕೆಳಗಿನ ನದಿಗೆ ಹನಿಯೂ ಮುಟ್ಟದೆ ಹೋಗಬಹುದು. ರಾಜಸ್ಥಾನದ ಅಲವರ ಜಿಲ್ಲೆಯಲ್ಲಿ ಅರವರಿ ನದಿ ಮತ್ತೆ ಹರಿದದ್ದು ನಿಜ. ತರುಣ ಭಾರತ ಸಂಘ ಮತ್ತು ರಾಜೇಂದ್ರ ಸಿಂಗ್ ಅವರ ಕೆಲಸಕ್ಕೆ 2015ರಲ್ಲಿ ಸ್ಟಾಕ್‌ಹೋಮ್ ಜಲ ಪ್ರಶಸ್ತಿ ಬಂದದ್ದೂ ನಿಜ. ಆದರೆ ಅಲ್ಲಿ ಮಳೆನೀರು ಹಿಡಿಯುವ ಜೋಹಡ ಎಂಬ ಕಟ್ಟೆಗಳ ಜೊತೆಗೆ ಜನ ನದಿಗೊಂದು ಸಂಸತ್ತು ಕಟ್ಟಿಕೊಂಡು, ಯಾರು ಎಷ್ಟು ನೀರೆತ್ತಬೇಕು, ಯಾವ ಬೆಳೆ ಬೇಡ ಎಂಬುದನ್ನೂ ಕೂತು ಚರ್ಚಿಸಿದರು. ನಾವು ಕಲ್ಲು ಸಿಮೆಂಟಿನ ಭಾಗವನ್ನು ಮಾತ್ರ ಅಲ್ಲಿಂದ ಎತ್ತಿಕೊಂಡು ಬರುತ್ತೇವೆ.

ಈಗ ನಮ್ಮ ಹಳ್ಳಗಳ ವಿಚಿತ್ರ ಸ್ಥಿತಿಗೆ ಬರುತ್ತೇನೆ. ದಿಣ್ಣೆಯ ಮೇಲಿನ ಚಿಕ್ಕ ಹಳ್ಳ ಸಹಜವಾಗಿ ಹೇಗಿರಬೇಕು? ಮುಂಗಾರಿನಲ್ಲಿ ತುಂಬಿ ಹರಿಯಬೇಕು, ದೀಪಾವಳಿಯ ಹೊತ್ತಿಗೆ ತಿಳಿಯಾಗಬೇಕು, ಶಿವರಾತ್ರಿ ದಾಟಿದ ಮೇಲೆ ಅಲ್ಲಲ್ಲಿ ಮಡುಗಳನ್ನು ಉಳಿಸಿ ಉಳಿದೆಡೆ ಒಣಗಬೇಕು. ಮೀನು, ಏಡಿ, ಕಪ್ಪೆಗಳು ಆ ಮಡುಗಳಲ್ಲಿ ಬೇಸಿಗೆ ಕಳೆದು ಮುಂದಿನ ಮಳೆಗೆ ಹೊರಬೀಳುತ್ತವೆ. ನಮ್ಮ ಹಳ್ಳಗಳೋ ಏಪ್ರಿಲ್ ಮೇ ತಿಂಗಳಿನಲ್ಲೂ ಎಡೆಬಿಡದೆ ಹರಿಯುತ್ತವೆ. ಈ ನೀರು ಎಲ್ಲಿಯದು? ಸವದತ್ತಿಯ ಹತ್ತಿರದ ರೇಣುಕಾಸಾಗರದಿಂದ ಮಲಪ್ರಭೆಯನ್ನು ಪಂಪು ಮಾಡಿ ದಿಣ್ಣೆಗೆ ಏರಿಸುತ್ತೇವೆ. ಮನೆಯಲ್ಲಿ ಒಮ್ಮೆ ಬಳಸಿ ಹೊರಗೆ ಬಿಡುತ್ತೇವೆ. ಹುಬ್ಬಳ್ಳಿಯ ನಾಲಾ ಹಿಡಿದ ಪಾಲು ಗಬ್ಬೂರು, ಬಿಡನಾಳಗಳನ್ನು ದಾಟಿ ಬೇಡ್ತಿಯ ಕಡೆ ನಡೆಯುತ್ತದೆ. ಮೂಡಣ ಸಮುದ್ರಕ್ಕೆ ಹೊರಟಿದ್ದ ನೀರನ್ನು ದಿನವೂ ಪಡುವಣ ಸಮುದ್ರಕ್ಕೆ, ಅದೂ ಹೊಲಸು ಮಾಡಿ, ತಿರುಗಿಸುತ್ತಿದ್ದೇವೆ.

ಎಷ್ಟು ನೀರು? ಲೆಕ್ಕ ಕಷ್ಟದ್ದಲ್ಲ. 2011ರ ಜನಗಣತಿಯಲ್ಲಿ ಹುಬ್ಬಳ್ಳಿ-ಧಾರವಾಡ ಅವಳಿ ನಗರದ ಜನಸಂಖ್ಯೆ 9,43,788. ನಗರಗಳಿಗೆ ತಲೆಗೆ ದಿನಕ್ಕೆ 135 ಲೀಟರ್ ನೀರು ಎಂಬುದು ಸರಕಾರದ ಮಾನದಂಡ, ಅದರಲ್ಲಿ ಶೇ. 80 ಕೊಳಚೆಯಾಗಿ ಹೊರಬರುತ್ತದೆ ಎಂದು ಎಂಜಿನಿಯರರು ಹಿಡಿಯುತ್ತಾರೆ. ಗುಣಿಸಿದರೆ ದಿನಕ್ಕೆ ಸುಮಾರು ಹತ್ತು ಕೋಟಿ ಲೀಟರ್; ವರ್ಷಕ್ಕೆ ಸುಮಾರು 1.3 ಟಿಎಂಸಿ. ಇದು ಮಾನದಂಡದ ಪ್ರಕಾರದ ಲೆಕ್ಕ, ಅಳೆದು ಹೇಳಿದ್ದಲ್ಲ. ಆದರೂ ಪ್ರಮಾಣದ ಅಂದಾಜಿಗೆ ಸಾಕು. ಈಗ ಇನ್ನೊಂದು ಅಂಕಿ ಇದರ ಪಕ್ಕದಲ್ಲಿಡಿ. ಮಹದಾಯಿ ನ್ಯಾಯಮಂಡಳಿ 2018ರ ಆಗಸ್ಟಿನಲ್ಲಿ ಮಲಪ್ರಭೆಗೆ ನೀರು ತಿರುಗಿಸುವ ಕಳಸಾ-ಬಂಡೂರಿ ಯೋಜನೆಗೆಂದು ಕೊಟ್ಟದ್ದು 3.9 ಟಿಎಂಸಿ. ಆ ನೀರಿಗಾಗಿ ನರಗುಂದ, ನವಲಗುಂದದ ರೈತರು ವರ್ಷಗಟ್ಟಲೆ ಬೀದಿಯಲ್ಲಿ ಕೂತರು, ಲಾಠಿ ತಿಂದರು. ಅವರ ಬೇಡಿಕೆಯನ್ನು ನಾನು ಪ್ರಶ್ನಿಸುತ್ತಿಲ್ಲ. ಆ ಪಾಲಿನ ಮೂರನೆಯ ಒಂದರಷ್ಟು ನೀರು ನಮ್ಮ ಬಚ್ಚಲು, ಅಡುಗೆಮನೆ, ಸಂಡಾಸಗಳಿಂದ ಪ್ರತಿ ವರ್ಷ ಹೋಗುತ್ತಿದೆ ಎಂಬುದು ನಮ್ಮ ನೀರಿನ ಚರ್ಚೆಯಲ್ಲಿ ಒಮ್ಮೆಯೂ ಬರದಿರುವುದು ನನಗೆ ನೋವು ತರುತ್ತದೆ.

ಇಂಥ ನೀರಿನಿಂದ ಹಳ್ಳವನ್ನು ಬದುಕಿಸುವುದು ಹೇಗೆ? ಪರಿಸರ ತಂತ್ರಜ್ಞಾನ ಎಂದು ಇಂದು ಕರೆಯುವ ಶಾಸ್ತ್ರಕ್ಕೆ 1960ರ ದಶಕದಲ್ಲಿ ಅಮೆರಿಕದ ಎಚ್. ಟಿ. ಓಡಮ್ ಹೆಸರು ಕೊಟ್ಟರು. 1989ರಲ್ಲಿ ಮಿಟ್ಶ್ ಮತ್ತು ಯೋರ್ಗೆನ್‌ಸನ್ ಅದಕ್ಕೊಂದು ದೊಡ್ಡ ಗ್ರಂಥ ಒದಗಿಸಿದರು. ಆದರೆ ಅದರ ಜೀವಾಳದ ಪ್ರಯೋಗ ಇನ್ನೂ ಹಿಂದಿನದು. 1950ರ ದಶಕದಲ್ಲಿ ಜರ್ಮನಿಯ ಪ್ಲೋನ್ ಎಂಬಲ್ಲಿ ಕೇಟೆ ಸೈಡಲ್ ಎಂಬ ಸಸ್ಯವಿಜ್ಞಾನಿ, ಜೊಂಡು ಬೆಳೆದ ಜಲ್ಲಿಯ ಮಡಿಗಳ ಮೂಲಕ ಕೊಳಚೆಯನ್ನು ಹಾಯಿಸಿ, ಅದು ಹೇಗೆ ತಿಳಿಯಾಗುತ್ತದೆ ಎಂದು ತೋರಿಸಿದರು. ಅಂದಿನ ಒಳಚರಂಡಿ ತಜ್ಞರು ಹೆಚ್ಚಿನವರು ಅವರನ್ನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಗಿಡ ನೀರು ತೊಳೆಯುತ್ತದೆ ಎಂದರೆ ಯಂತ್ರ ಮಾರುವವರಿಗೆ, ಯಂತ್ರ ನಡೆಸುವವರಿಗೆ ನಂಬಿಕೆ ಬರುವುದು ಇಂದಿಗೂ ಕಷ್ಟ.

ಗಿಡ ಒಂದೇ ತೊಳೆಯುವುದೂ ಇಲ್ಲ. ಕೊಳಚೆ ನಿಧಾನವಾದರೆ ಅದರಲ್ಲಿಯ ಗಟ್ಟಿ ಪದಾರ್ಥ ತಳಕ್ಕೆ ಕೂಡುತ್ತದೆ. ಕಲ್ಲು, ಮರಳು, ಬೇರುಗಳ ಮೈಗೆ ಸೂಕ್ಷ್ಮಜೀವಿಗಳ ಲೋಳೆ ಪದರ ಹತ್ತುತ್ತದೆ. ಕರಗಿದ ಹೊಲಸನ್ನು ತಿನ್ನುವುದು ಆ ಪದರ. ಜೊಂಡಿನ ಟೊಳ್ಳು ದಂಟಿನಿಂದ ಗಾಳಿ ಬೇರಿನವರೆಗೆ ಇಳಿಯುತ್ತದೆ, ಬೇರಿನ ಸುತ್ತ ಆಮ್ಲಜನಕವಿರುವ ಚಿಕ್ಕ ವಲಯ ಹುಟ್ಟುತ್ತದೆ. ಅಲ್ಲಿ ಅಮೋನಿಯಾ ನೈಟ್ರೇಟ್ ಆಗುತ್ತದೆ. ಒಂದು ಬೆರಳು ಆಚೆ, ಗಾಳಿಯಿಲ್ಲದ ಕೆಸರಿನಲ್ಲಿ, ಬೇರೆ ಜಾತಿಯ ಬ್ಯಾಕ್ಟೀರಿಯಾ ಅದೇ ನೈಟ್ರೇಟನ್ನು ಸಾರಜನಕವಾಗಿ ಆಕಾಶಕ್ಕೆ ಬಿಡುತ್ತವೆ. ರಂಜಕವನ್ನು ಮಣ್ಣು ಹಿಡಿದುಕೊಳ್ಳುತ್ತದೆ, ಒಂದು ಪಾಲನ್ನು ಗಿಡ ಮೈಗೂಡಿಸಿಕೊಳ್ಳುತ್ತದೆ. ಬಿಸಿಲು ರೋಗಾಣುಗಳನ್ನು ಕೊಲ್ಲುತ್ತದೆ. ಮನೆಯಿಂದ ಹೊರಟ ಕೊಳಚೆಯ ಬಿಒಡಿ, ಅಂದರೆ ಅದರ ಹೊಲಸನ್ನು ಅರಗಿಸಲು ಜೀವಿಗಳಿಗೆ ಬೇಕಾಗುವ ಆಮ್ಲಜನಕ, ಲೀಟರಿಗೆ 200 ಮಿಲಿಗ್ರಾಂ ಆಸುಪಾಸಿನಲ್ಲಿರುತ್ತದೆ. ಸ್ನಾನಕ್ಕೆ ಯೋಗ್ಯವೆನ್ನಲು ಅದು 3ಕ್ಕಿಂತ ಹೆಚ್ಚಿರಬಾರದು, ನೀರಿನಲ್ಲಿ ಕರಗಿದ ಆಮ್ಲಜನಕ ಕನಿಷ್ಠ 5 ಮಿಲಿಗ್ರಾಂ ಇರಬೇಕು. 200ರಿಂದ 3ಕ್ಕೆ ಇಳಿಯುವ ಈ ಪಯಣಕ್ಕೆ ಬೇಕಾಗುವುದು ಹೊತ್ತು ಮತ್ತು ಜಾಗ. ಪರಿಸರ ತಂತ್ರಜ್ಞಾನ ಎಂದರೆ ಜೀವಿಗಳಿಗೆ ಆ ಹೊತ್ತನ್ನೂ ಜಾಗವನ್ನೂ ಲೆಕ್ಕಹಾಕಿ ಒದಗಿಸುವುದು.

ಜಾಗದ ಲೆಕ್ಕ ಕಠಿಣವಾದದ್ದು. ಅದನ್ನು ಮುಚ್ಚಿಡಬಾರದು. ಯುರೋಪಿನ ಚಳಿಯಲ್ಲಿ ಜೊಂಡಿನ ಮಡಿಗೆ ತಲೆಗೆ ಸುಮಾರು 5 ಚದರ ಮೀಟರ್ ಬೇಕೆನ್ನುತ್ತಾರೆ. ನಮ್ಮಂಥ ಬಿಸಿನಾಡಿನಲ್ಲಿ ಒಂದರಿಂದ ಎರಡು ಚದರ ಮೀಟರ್ ಸಾಕು. ಒಂದೂವರೆ ಎಂದು ಹಿಡಿದರೂ ಅವಳಿ ನಗರಕ್ಕೆ 140 ಹೆಕ್ಟೇರು, ಅಂದರೆ ಮುನ್ನೂರೈವತ್ತು ಎಕರೆ ಬೇಕು. ಉಣಕಲ್ ಕೆರೆಯನ್ನು ಪೂರ್ತಿ ಜೊಂಡಿಗೆ ಬಿಟ್ಟುಕೊಟ್ಟರೂ ಸಾಲದು. ಹಾಗಾಗಿ, ಹಳ್ಳಕ್ಕೆ ನಾಲ್ಕು ಗಿಡ ನೆಟ್ಟರೆ ಕೊಳಚೆ ಮಾಯವಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಗಬ್ಬೂರಿನಲ್ಲಿ, ಮದಿಹಾಳದಲ್ಲಿ ಬಂದಿರುವಂಥ ಶುದ್ಧೀಕರಣ ಘಟಕಗಳು ಬೇಕೇ ಬೇಕು. ಪ್ರತಿ ಮನೆಯ ಕೊಳಚೆಯೂ ಅಲ್ಲಿಗೆ ಮುಟ್ಟಬೇಕು. ಘಟಕದಿಂದ ಹೊರಬಂದ ನೀರಿನ ಕೊನೆಯ ತೊಳೆತವನ್ನು ಜೌಗಿಗೆ ಒಪ್ಪಿಸಿದರೆ, ಬೇಕಾಗುವ ಜಾಗ ಬಹಳ ಕಡಿಮೆಯಾಗುತ್ತದೆ.

ಇದನ್ನು ಕಣ್ಣಾರೆ ನೋಡಬೇಕೆನ್ನುವವರು ಬೆಂಗಳೂರಿನ ಜಕ್ಕೂರು ಕೆರೆಗೆ ಹೋಗಿ ಬರಬೇಕು. ಅಲ್ಲಿಯ ಘಟಕದಲ್ಲಿ ಶುದ್ಧವಾದ ನೀರು ನೇರ ಕೆರೆಗೆ ಬೀಳುವುದಿಲ್ಲ. ಮೊದಲು ಜೊಂಡು, ಆಪು ಬೆಳೆದ ಜೌಗಿನಲ್ಲಿ ಸುಳಿದು, ಆಮೇಲೆ ಕೆರೆ ಸೇರುತ್ತದೆ. ಅಲ್ಲಿ ಮೀನು ಹಿಡಿಯುವವರಿದ್ದಾರೆ, ನೀರುಹಕ್ಕಿಗಳಿವೆ. ಭಾರತೀಯ ವಿಜ್ಞಾನ ಸಂಸ್ಥೆಯ ಟಿ. ವಿ. ರಾಮಚಂದ್ರ ಮತ್ತು ಅವರ ಸಂಗಡಿಗರು ಆ ನೀರಿನ ಗುಣ ಹಂತಹಂತವಾಗಿ ಹೇಗೆ ಸುಧಾರಿಸುತ್ತದೆ ಎಂದು ಅಳೆದು ಬರೆದಿದ್ದಾರೆ. ಇದಕ್ಕೆ ವಿರುದ್ಧವಾಗಿ, ಅದೇ ನಗರದ ಬೆಳ್ಳಂದೂರಿನಲ್ಲಿ ನೊರೆ ರಸ್ತೆಗೆ ಹಾರಿದ್ದನ್ನೂ ಕೆರೆಗೆ ಬೆಂಕಿ ಹತ್ತಿದ್ದನ್ನೂ ನಾವೆಲ್ಲ ಟಿವಿಯಲ್ಲಿ ನೋಡಿದ್ದೇವೆ.

ಹರಿಯುವ ಹಳ್ಳದೊಳಗೇ ಶುದ್ಧೀಕರಣ ಮಾಡುವ ಪ್ರಯತ್ನಗಳೂ ನಡೆದಿವೆ. ಪುಣೆಯ ಸೃಷ್ಟಿ ಇಕೋ ರಿಸರ್ಚ್ ಇನ್‌ಸ್ಟಿಟ್ಯೂಟಿನ ಸಂದೀಪ ಜೋಶಿ ಹಸಿರು ಸೇತುವೆ ಎಂಬ ವಿಧಾನ ರೂಪಿಸಿದರು: ಕಲ್ಲು, ಮರಳು, ನಾರುಗಳ ಸಾಲನ್ನು ಹಳ್ಳಕ್ಕೆ ಅಡ್ಡಲಾಗಿ ಹಾಕಿ, ಅದರ ಮೇಲೆ ಸೂಕ್ಷ್ಮಜೀವಿ, ಗಿಡಗಳನ್ನು ನೆಲೆಗೊಳಿಸುವುದು. ಉದಯಪುರದ ಆಹಡ ನದಿಯಲ್ಲಿ ಇದನ್ನು ಅಳವಡಿಸಿದರು. ವಿದ್ಯುತ್ ಬೇಡದ, ಕಡಿಮೆ ಖರ್ಚಿನ ಈ ದಾರಿ ನಮ್ಮ ಹಳ್ಳಗಳಿಗೂ ಒಪ್ಪುತ್ತದೆ. ಆದರೆ ನಮ್ಮ ಹಳ್ಳಗಳ ಮಹಾಪೂರ ಇಂಥ ಅಡ್ಡಸಾಲನ್ನು ಒಂದೇ ರಾತ್ರಿಯಲ್ಲಿ ಕಿತ್ತೊಯ್ಯಬಲ್ಲದು. ಪ್ರತಿ ವರ್ಷ ಮಳೆ ಹಿಂದೆ ಸರಿದ ಮೇಲೆ ಮತ್ತೆ ಕಟ್ಟುವ ಶಿಸ್ತು ಬೇಕು. ಕಾಸರಗೋಡಿನ ಏತಡ್ಕದ ರೈತರು ತಮ್ಮ ತೋಡುಗಳಿಗೆ ಸಾಲುಸಾಲಾಗಿ ಕಟ್ಟಗಳನ್ನು ಹಾಕುವುದು ಇದೇ ಶಿಸ್ತಿನಿಂದ. ಮಳೆ ಮುಗಿದ ಮೇಲೆ ಕಟ್ಟುತ್ತಾರೆ, ಮುಂಗಾರಿಗೆ ಹೊಳೆಗೆ ದಾರಿ ಬಿಟ್ಟುಕೊಡುತ್ತಾರೆ. ಪತ್ರಕರ್ತ ಶ್ರೀಪಡ್ರೆಯವರು ಆ ಕಟ್ಟಗಳ ಬಗ್ಗೆ ಕನ್ನಡದಲ್ಲಿ ಬರೆದದ್ದನ್ನು ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಪಾಠವಾಗಿಸಬೇಕು.

ನಮ್ಮ ನಾಲಾದ ದಂಡೆಯಲ್ಲೂ ಒಂದು ಜ್ಞಾನ ಬೆಳೆದಿದೆ, ಅದರತ್ತ ನಗರ ಕಣ್ಣೆತ್ತಿ ನೋಡಿಲ್ಲ. ಈ ಶತಮಾನದ ಆರಂಭದಲ್ಲಿ ನಮ್ಮ ಕೃಷಿ ವಿಶ್ವವಿದ್ಯಾಲಯದ ಸಿ. ಎಸ್. ಹುಣಶಾಳ ಅವರು ಬ್ರಿಟನ್ನಿನ ಬ್ರ್ಯಾಡ್‌ಫರ್ಡ್, ಬ್ರೂಕ್ ಎಂಬ ಸಂಶೋಧಕರ ಜೊತೆ ಹುಬ್ಬಳ್ಳಿ-ಧಾರವಾಡದ ಸುತ್ತ ಕೊಳಚೆ ನೀರಿನ ಬೇಸಾಯವನ್ನು ಅಧ್ಯಯನ ಮಾಡಿದರು. 2003ರಲ್ಲಿ ಅದು ಪ್ರಕಟವಾಯಿತು. ಬಿಡನಾಳ, ಗಬ್ಬೂರು, ಕಟನೂರು, ಮಾವನೂರು, ಇತ್ತ ಮದಿಹಾಳ, ಗೋವನಕೊಪ್ಪದ ರೈತರು ನಾಲಾದ ನೀರೆತ್ತಿ ಬೆಳೆ ತೆಗೆಯುತ್ತಿದ್ದರು. ಊರಿಗೆ ಹತ್ತಿರವಿದ್ದವರು ಕಾಯಿಪಲ್ಯ ಬೆಳೆದರು. ದೂರದವರು ಹೊಲದ ಬದುವಿಗೆ ಮರಗಳನ್ನೂ ಸೇರಿಸಿದರು. ಬರಗಾಲದಲ್ಲೂ ಕೈಬಿಡದ ನೀರು, ಗೊಬ್ಬರವನ್ನು ತನ್ನೊಳಗೇ ಹೊತ್ತ ನೀರು ಅವರ ಕೈಗೆ ನಾಲ್ಕು ದುಡ್ಡು ಕೊಟ್ಟಿತು. ಕೇಡೂ ಬಂತು. ವರ್ಷವಿಡೀ ಹಸಿರಿರುವ ಹೊಲಕ್ಕೆ ವರ್ಷವಿಡೀ ಕೀಟ, ಕಳೆ. ಅದಕ್ಕೆ ಮಿತಿಮೀರಿದ ಔಷಧ. ಬರಿಗಾಲಲ್ಲಿ ಆ ಕೆಸರಿಗೆ ಇಳಿದು ಕಳೆ ಕೀಳುವವರಿಗೆ ಕೊಕ್ಕೆಹುಳುವಿನಂಥ ರೋಗಗಳ ಭಯ. ಹಾಗೆ ಇಳಿಯುವವರಲ್ಲಿ ಹೆಂಗಸರೇ ಹೆಚ್ಚು.

ಕೋಲ್ಕತ್ತಾದ ಪೂರ್ವದಲ್ಲಿ ಇಂಥ ಜನರೇ ಬೇರೆ ದಾರಿ ಕಂಡುಕೊಂಡಿದ್ದಾರೆ. ಅಲ್ಲಿಯ 12,500 ಹೆಕ್ಟೇರು ಜೌಗುಪ್ರದೇಶದಲ್ಲಿ ಮೀನುಗಾರರು ನಗರದ ಕೊಳಚೆಯನ್ನು ಆಳವಿಲ್ಲದ ಹೊಂಡಗಳಲ್ಲಿ ಬಿಸಿಲಿಗೆ ಹರಡಿ, ಪಾಚಿ ಬೆಳೆಸಿ, ಪಾಚಿಯಿಂದ ಮೀನು ಬೆಳೆಸುತ್ತಾರೆ. ಧ್ರುವಜ್ಯೋತಿ ಘೋಷ್ ಎಂಬ ಎಂಜಿನಿಯರ್ ಅವರ ಬಳಿ ಕೂತು ಆ ವಿದ್ಯೆಯನ್ನು ಕಲಿತು, ಲೋಕಕ್ಕೆ ತಿಳಿಸಿ, ಬಿಲ್ಡರುಗಳ ಕೈಯಿಂದ ಆ ಜಾಗ ಉಳಿಸಲು ಜೀವಮಾನ ತೇಯ್ದರು. 2002ರಲ್ಲಿ ಅದು ರಾಮ್‌ಸಾರ್ ತಾಣವಾಯಿತು. ಬಿಡನಾಳದ ರೈತನಿಗೂ ಘೋಷ್ ಅವರಂಥ ಒಬ್ಬ ಎಂಜಿನಿಯರ್ ಸಿಗಬೇಕಾಗಿತ್ತು. ಕೊಳಚೆಯನ್ನು ಹೊಲಕ್ಕೆ ಬಿಡುವ ಮೊದಲು ಹೊಲದ ಮೂಲೆಯಲ್ಲೇ ಒಂದು ಜೊಂಡಿನ ಮಡಿಯಲ್ಲಿ ಕೆಲವು ದಿನ ನಿಲ್ಲಿಸಿದರೆ, ಗೊಬ್ಬರದ ಅಂಶ ಬಹುಪಾಲು ಉಳಿದು ಹುಳುಮೊಟ್ಟೆಗಳು ತಳ ಸೇರುತ್ತವೆ. ಜೌಗಿನಿಂದ ಕೊಳಚೆ ಶುದ್ಧಮಾಡಿ ನೀರಾವರಿಗೆ ಬಳಸುವ ಪ್ರಯೋಗ ನಮ್ಮ ಕೃಷಿ ವಿಶ್ವವಿದ್ಯಾಲಯದ ಆವರಣದಲ್ಲೇ ನಡೆದಿದೆ. ಜಲ ಮತ್ತು ನೆಲ ನಿರ್ವಹಣಾ ಸಂಸ್ಥೆ ವಾಲ್ಮಿ ಧಾರವಾಡದಲ್ಲೇ ಇದೆ. ಆ ವಿದ್ಯೆ ಆವರಣದ ಗೋಡೆ ದಾಟಿ ನಾಲಾದ ದಂಡೆಯವರೆಗೆ ಹೋಗಬೇಕು.

ಇನ್ನು ಹಳ್ಳದ ಆಕಾರದ ಮಾತು. ಅಮೆರಿಕದ ಫ್ಲಾರಿಡಾದಲ್ಲಿ ಕಿಸಿಮಿ ನದಿಯನ್ನು ಅಲ್ಲಿಯ ಸೈನ್ಯದ ಎಂಜಿನಿಯರರು ಪೂರ ತಡೆಯಲೆಂದು 1962ರಿಂದ 1971ರ ಅವಧಿಯಲ್ಲಿ ನೇರ ಮಾಡಿದರು. ಸುಮಾರು 165 ಕಿಲೋಮೀಟರ್ ಬಳಸಿ ಬಳಸಿ ಹರಿಯುತ್ತಿದ್ದುದು 90 ಕಿಲೋಮೀಟರಿನ ಕಾಲುವೆಯಾಯಿತು. ಚಳಿಗಾಲದ ನೀರುಹಕ್ಕಿಗಳು ಶೇ. 90ರಷ್ಟು ಕಡಿಮೆಯಾದವು, ಹೊಲಗಳ ಹೊಲಸು ನೇರವಾಗಿ ಕೆಳಗಿನ ಸರೋವರ ಸೇರಿತು. ಕೊನೆಗೆ ಅದೇ ಸೈನ್ಯದ ಎಂಜಿನಿಯರರು 1999ರಲ್ಲಿ ಕಾಲುವೆಯನ್ನು ಮುಚ್ಚಿ ಹಳೆಯ ತಿರುವುಗಳಿಗೆ ನೀರು ಬಿಡಲು ಆರಂಭಿಸಿ, 2021ರಲ್ಲಿ ಮುಗಿಸಿದರು. ನೇರ ಮಾಡಲು ಒಂಬತ್ತು ವರ್ಷ, ಒಂದು ಪಾಲನ್ನು ಮಾತ್ರ ಮತ್ತೆ ಬಳಕಿಸಲು ಇಪ್ಪತ್ತೆರಡು ವರ್ಷ. ಹಕ್ಕಿಗಳು ಮರಳಿದವು.

ನಮ್ಮ ನಗರಗಳು ಇಂದಿಗೂ 1962ರಲ್ಲೇ ಇವೆ. ಹಳ್ಳ ಎಂದೊಡನೆ ಎರಡು ಕಡೆ ಕಾಂಕ್ರೀಟು ಗೋಡೆ, ತಳಕ್ಕೂ ಕಾಂಕ್ರೀಟು. ನೀರು ಬೇಗ ಹೋಗಲಿ ಎಂಬುದು ಆಸೆ. ಬೇಗ ಹೋದ ನೀರು ಕೆಳಗಿನ ಬಡಾವಣೆಗೆ ಬೇಗ ಮುಟ್ಟುತ್ತದೆ. 2019ರ ಆಗಸ್ಟಿನ ಮಳೆಗೆ ಉಣಕಲ್ ಕೆರೆ ಕೋಡಿ ಬಿದ್ದು ನಾಲಾದ ದಂಡೆಯ ಮನೆಗಳಿಗೆ ನೀರು ನುಗ್ಗಿದ್ದನ್ನು ಹುಬ್ಬಳ್ಳಿಯವರು ಮರೆತಿಲ್ಲ. ತಳಕ್ಕೆ ಕಾಂಕ್ರೀಟು ಹಾಕಿದರೆ ನೀರು ಇಂಗುವುದಿಲ್ಲ, ಲೋಳೆ ಪದರ ಹತ್ತಲು ಕಲ್ಲು ಬೇರುಗಳಿಲ್ಲ, ಹೊಲಸು ಬಂದಂತೆಯೇ ಕೆಳಗೆ ಹೋಗುತ್ತದೆ.

ಕೇಂದ್ರ ಸರಕಾರದ ಸಿಟೀಸ್ ಯೋಜನೆಯಲ್ಲಿ, ಫ್ರೆಂಚ್ ಅಭಿವೃದ್ಧಿ ಸಂಸ್ಥೆಯ ನೆರವಿನೊಂದಿಗೆ, ಉಣಕಲ್ ನಾಲಾದ ಗುಂಟ ಹಸಿರು ಸಂಚಾರ ದಾರಿ ಮಾಡುವ ಕೆಲಸ ನಮ್ಮ ಸ್ಮಾರ್ಟ್ ಸಿಟಿಯ ಪಾಲಿಗೆ ಬಂದಿತು. ಜನ ಮೂಗು ಮುಚ್ಚಿಕೊಂಡು ದಾಟುತ್ತಿದ್ದ ನಾಲಾದ ದಂಡೆಗೆ ನಡಿಗೆಯ ದಾರಿ, ಸೈಕಲ್ ದಾರಿ ಬರುವುದನ್ನು ನಾನು ಸ್ವಾಗತಿಸುತ್ತೇನೆ; ದಂಡೆಗೆ ಜನ ಬಂದರೆ ನೀರಿನತ್ತ ಕಣ್ಣು ಹೋಗುತ್ತದೆ. ಆದರೆ ದಾರಿಯ ಅಂದ ನೀರಿನ ಆರೋಗ್ಯಕ್ಕೆ ಸಾಕ್ಷಿಯಾಗುವುದಿಲ್ಲ. ಸಿಯೋಲಿನ ಚಂಗೆಚಾನ್ ಹೊಳೆಯನ್ನು ಎಲ್ಲರೂ ಮೇಲ್ಪಂಕ್ತಿಯಾಗಿ ಹೇಳುತ್ತಾರೆ. ಎತ್ತರದ ಹೆದ್ದಾರಿಯನ್ನೇ ಕೆಡವಿ 2005ರಲ್ಲಿ 5.8 ಕಿಲೋಮೀಟರ್ ಹೊಳೆಯನ್ನು ಹೊರತೆಗೆದ ಆ ಧೈರ್ಯ ದೊಡ್ಡದು. ಆದರೆ ಅಲ್ಲಿ ಹರಿಯುವ ನೀರಿನ ಬಹುಪಾಲನ್ನು ಹಾನ್ ನದಿಯಿಂದ ಪಂಪು ಮಾಡಿ ತರುತ್ತಾರೆ. ನೀರಿಗೆ ಬರವಿರುವ ನಾಡು ಆ ದಾರಿ ಹಿಡಿಯಬಾರದು. ನಮ್ಮ ಹಳ್ಳ ಬೇಸಿಗೆಯಲ್ಲಿ ಒಣಗಲಿ. ಶುದ್ಧ ಮಾಡಿದ ನೀರನ್ನು ಹೊಲಕ್ಕೆ, ಉದ್ಯಾನಕ್ಕೆ, ಕಾರ್ಖಾನೆಗೆ ಕೊಡೋಣ. ಹಳ್ಳಕ್ಕೆ ಅದರ ಮಡುಗಳು ಸಾಕು. ಒಣಗಿದ ಹಳ್ಳ ಸತ್ತ ಹಳ್ಳವೆಂದು ತಿಳಿದು ಅದರ ಮೇಲೆ ಸೈಟು ಮಾಡುವುದನ್ನು ನಿಲ್ಲಿಸಿದರೆ ಆಯಿತು.

ಕೆಳಗಿನವರನ್ನು ಈಗ ನೆನೆಯಬೇಕು. ಹುಬ್ಬಳ್ಳಿಗೆ ದಶಕಗಳ ಕಾಲ ನೀರುಣಿಸಿದ ನೀರಸಾಗರ ಬೇಡ್ತಿಯ ಮೇಲ್ಭಾಗದ ನೀರಿನಿಂದಲೇ ತುಂಬುತ್ತಿತ್ತು. ಬರದ ವರ್ಷಗಳಲ್ಲಿ ಅದು ಬರಿದಾಗಿದೆ. ಇನ್ನೂ ಕೆಳಗೆ, 1980ರ ದಶಕದ ಆರಂಭದಲ್ಲಿ, ಬೇಡ್ತಿಗೆ ಜಲವಿದ್ಯುತ್ ಯೋಜನೆ ಬಂದಾಗ ಶಿರಸಿ, ಯಲ್ಲಾಪುರದ ಅಡಿಕೆ ಬೆಳೆಗಾರರು ವಿಜ್ಞಾನಿಗಳನ್ನು ಕರೆಸಿ, ಲಾಭ ನಷ್ಟವನ್ನು ಅಂಕಿಅಂಶದಲ್ಲಿ ಮಂಡಿಸಿ ಆ ಯೋಜನೆಯನ್ನು ನಿಲ್ಲಿಸಿದರು. 1983ರಲ್ಲಿ ಅದೇ ಸೀಮೆಯಲ್ಲಿ ಅಪ್ಪಿಕೋ ಚಳವಳಿ ಹುಟ್ಟಿತು. 2011ರಲ್ಲಿ ಬೇಡ್ತಿ ಕಣಿವೆಯ ಒಂದು ಭಾಗ ಸಂರಕ್ಷಿತ ಮೀಸಲು ಎನಿಸಿತು. ಕೆಳಗಿನವರು ಈ ನದಿಗಾಗಿ ಇಷ್ಟು ಮಾಡಿದ್ದಾರೆ. ಅವರು ಕಾಪಾಡಿದ ನದಿಯ ತಲೆಯ ಮೇಲೆ ನಾವಿದ್ದೇವೆ, ನಮ್ಮ ಕೊಡುಗೆ ಏನೆಂದು ಅವರು ಕೇಳಿದರೆ ಇಂದು ತೋರಿಸಲು ನಮ್ಮಲ್ಲಿ ಏನೂ ಇಲ್ಲ.

ಹಾಗಾದರೆ ಏನು ಮಾಡಬೇಕು ಎಂದು ತಾವು ಕೇಳುತ್ತೀರಿ. ಶಾಲ್ಮಲೆಯಿಂದಲೇ ಶುರುಮಾಡೋಣ. ಸೋಮೇಶ್ವರದಿಂದ ಕೆಳಗೆ ಮೊದಲ ಕೆಲವು ಕಿಲೋಮೀಟರ್ ಹಳ್ಳದ ಎರಡೂ ದಂಡೆ, ಮಹಾಪೂರ ಎಲ್ಲಿಯವರೆಗೆ ಏರುತ್ತದೋ ಆ ಗೆರೆ, ಸರ್ವೆಯಾಗಿ ನಗರದ ಮಾಸ್ಟರ್ ಪ್ಲಾನಿನಲ್ಲಿ ಮೂಡಬೇಕು. ಗೆರೆಯೊಳಗೆ ಕಟ್ಟಡವಿಲ್ಲ, ಕಾಂಕ್ರೀಟಿಲ್ಲ. ನೀರಂಚಿಗೆ ಲಕ್ಕಿ, ಕೇದಿಗೆ, ಲಾವಂಚ. ಮೇಲೆ ಹೊಳೆಮತ್ತಿ, ಅತ್ತಿ, ನೇರಳೆ, ಹೊಂಗೆ. ದಂಡೆ ಹಿಡಿಯುವ ಬೇರುಗಳು ಇವು. ಇವನ್ನು ತಂದು ನೆಡಬೇಕಾಗಿಲ್ಲದ ಕಡೆ ಇದ್ದದ್ದನ್ನು ಕಡಿಯದಿದ್ದರೂ ಸಾಕು. ದಿಣ್ಣೆಯ ಮೇಲಿನ ದೊಡ್ಡ ಜಮೀನುಗಳು ಈ ಊರಿನ ವಿದ್ಯಾಸಂಸ್ಥೆಗಳ ಕೈಯಲ್ಲಿವೆ: ಕರ್ನಾಟಕ ವಿಶ್ವವಿದ್ಯಾಲಯ, ಕೃಷಿ ವಿಶ್ವವಿದ್ಯಾಲಯ, ಕಾಲೇಜುಗಳು. ಒಂದು ಹೆಕ್ಟೇರಿನ ಮೇಲೆ ಬಿದ್ದ ಒಂದು ಮಿಲಿಮೀಟರ್ ಮಳೆ ಎಂದರೆ ಹತ್ತು ಸಾವಿರ ಲೀಟರ್. ಆ ಆವರಣಗಳ ಕೊರಕಲುಗಳಲ್ಲಿ ಕಲ್ಲಿನ ಚಿಕ್ಕ ತಡೆಗಳು, ಹುಲ್ಲಿನ ಹೊದಿಕೆ ಬಂದರೆ ಶಾಲ್ಮಲೆಗೂ ತುಪ್ಪರಿಹಳ್ಳಕ್ಕೂ ಒಮ್ಮೆಗೇ ಉಪಕಾರವಾಗುತ್ತದೆ. ಕೆಲಗೇರಿ, ಸಾಧನಕೇರಿ, ನುಗ್ಗಿಕೇರಿ, ನವಲೂರು ಕೆರೆಗಳ ಅಂಗಳದಲ್ಲಿ, ನೀರು ಒಳಬರುವ ಬಾಯಿಯಲ್ಲಿ, ಒಂದೊಂದು ಜೌಗು ಬೆಳೆಯಲು ಜಾಗ ಬಿಡಬೇಕು. ಕೆರೆಯ ಸುತ್ತ ನಡಿಗೆಯ ದಾರಿ ಮಾಡುವಾಗ ಆ ಬಾಯಿಯನ್ನೇ ಮುಚ್ಚುವುದನ್ನು ಎಷ್ಟೋ ಊರುಗಳಲ್ಲಿ ನೋಡಿದ್ದೇವೆ.

ಕೊನೆಯದಾಗಿ ಆಳುಗಳ ಪ್ರಶ್ನೆ. ಇಂಥ ಯೋಜನೆಗಳು ಸೋಲುವುದು ಹೆಚ್ಚಾಗಿ ಇಲ್ಲಿಯೇ. ಜೊಂಡು ಬೆಳೆದು ದಟ್ಟವಾದರೆ ವರ್ಷಕ್ಕೆ ಒಮ್ಮೆ ಇಲ್ಲವೇ ಎರಡು ಸಲ ಕೊಯ್ಯಬೇಕು. ಕೊಯ್ಯದಿದ್ದರೆ ಅದು ನೀರಿನಲ್ಲೇ ಬಿದ್ದು ಕೊಳೆತು, ಹೀರಿದ್ದನ್ನೆಲ್ಲ ಮತ್ತೆ ನೀರಿಗೇ ಬಿಡುತ್ತದೆ. ಅಂತರಗಂಗೆಯನ್ನು ಕೆರೆ ಮುಚ್ಚುವ ಮೊದಲೇ ಎಳೆದು ಗೊಬ್ಬರಗುಂಡಿಗೆ ಹಾಕಬೇಕು. ಹೂಳು ತೆಗೆಯಬೇಕು, ಅಡ್ಡಸಾಲು ಮತ್ತೆ ಕಟ್ಟಬೇಕು. ಈ ಕೆಲಸಕ್ಕೆ ಪೌರಕಾರ್ಮಿಕರನ್ನು ಕೊಳಚೆಗೆ ಬರಿಮೈಯಲ್ಲಿ ಇಳಿಸಬಾರದು. ಮಲಹೊರುವ ಪದ್ಧತಿಯ ವಿರುದ್ಧದ 2013ರ ಕಾಯಿದೆ ಒಳಚರಂಡಿಗೆ ಹಾಗೆ ಇಳಿಸುವುದನ್ನು ನಿಷೇಧಿಸಿದೆ, ಕಾಯಿದೆ ಇರಲಿ ಇಲ್ಲದಿರಲಿ ನಮ್ಮ ಮನಸ್ಸು ಅದನ್ನು ಒಪ್ಪಬಾರದು. ದಂಡೆಯಿಂದಲೇ ಕೊಯ್ಯುವಂತೆ ಮಡಿಗಳನ್ನು ಕಿರಿದಾಗಿ ರೂಪಿಸಬೇಕು, ಬೂಟು, ಕೈಗವಸು, ಆರೋಗ್ಯ ತಪಾಸಣೆ, ಖಾಯಂ ನೌಕರಿ ಕೊಡಬೇಕು. ಪಾಲಿಕೆಯ ಆಯವ್ಯಯದಲ್ಲಿ ಈ ಕೂಲಿಗೆ ವರ್ಷವರ್ಷವೂ ಒಂದು ಪ್ರತ್ಯೇಕ ಬಾಬತ್ತು ಇರಬೇಕು. ಈ ಸಭೆಯಲ್ಲಿ ಪಾಲಿಕೆಯ ಸದಸ್ಯರಿದ್ದರೆ ಮುಂದಿನ ಆಯವ್ಯಯದ ಚರ್ಚೆಯಲ್ಲಿ ಆ ಬಾಬತ್ತನ್ನು ಎತ್ತಿ ಎಂದು ಕೇಳಿಕೊಳ್ಳುತ್ತೇನೆ. ಮೊತ್ತ ಎಷ್ಟಾಗುತ್ತದೆ ಎಂದು ಲೆಕ್ಕಹಾಕಿ ಕೊಡುವ ಕೆಲಸಕ್ಕೆ ನಾನೂ ಕೂಡುತ್ತೇನೆ, ಇಲ್ಲಿರುವ ಎಂಜಿನಿಯರಿಂಗ್ ವಿದ್ಯಾರ್ಥಿಗಳೂ ಕೂಡಬೇಕು.